ಗೊರಸಿನ ನೀರು

ಬೇಲಿ ಬಾಗಿಲಿನ ಬೀಗ ಉಪ್ಪುಗಾಳಿ ಕುಡಿದೂ ಕುಡಿದೂ ಬಿಗಿದುಕೊಂಡುಬಿಟ್ಟಿತ್ತು. ಅವಳು ಕೊರಳಿನ ದಾರದಿಂದ ಕೀಲಿಕೈ ತೆಗೆದು, ಬೀಗದ ತೂತಿಗೆ ಬಾಯಿಟ್ಟು ಒಮ್ಮೆ ಊದಿ, ಹಲ್ಲು ಕಚ್ಚಿ ತಿರುಗಿಸಿದಳು. ಬರಲಿಲ್ಲ. ಹಿಂದೆ ನಿಂತಿದ್ದ ಪೋಸ್ಟ್ ಮಾಸ್ಟರು "ಕೊಡಮ್ಮ ಇಲ್ಲಿ, ಇಂಥಾ ಬೀಗ ಎಷ್ಟು ನೋಡಿಲ್ಲ ನಾನು" ಎಂದು ಕೈ ಚಾಚಿದರು. ಕೊಡಲಿಲ್ಲ. ಇದು ಶಕ್ತಿಯ ಕೆಲಸವಲ್ಲ, ಬೆರಳಿನ ಕೆಲಸ. ಬೆರಳಿನ ಕೆಲಸದಲ್ಲಿ ತನಗೆ ಇನ್ನೊಬ್ಬರು ಹೇಳಿಕೊಡಬೇಕಾದದ್ದು ಏನೂ ಇಲ್ಲವೆಂದು ಅವಳಿಗೆ ಗೊತ್ತಿತ್ತು. ಈ ಊರಿನ ಅರ್ಧಕ್ಕರ್ಧ ಜನರ ಬಾಯೊಳಗೆ ಇರುವುದು ಅವಳ ಬೆರಳಿನ ಕೆಲಸವೇ. ದಂತವೈದ್ಯರು ಅಚ್ಚು ತೆಗೆದು ಕಳಿಸುತ್ತಾರೆ. ಅವಳು ಕಿಟಕಿಯ ಪಕ್ಕದ ಮೇಜಿನಲ್ಲಿ, ಬೆಳಕು ಎಡಗಡೆಯಿಂದ ಬೀಳುವಂತೆ ಕೂತು, ಹಲ್ಲು ಮಾಡುತ್ತಾಳೆ. ಪೋಸ್ಟ್ ಮಾಸ್ಟರು ನಕ್ಕಾಗ ಕಾಣುವ ಮೇಲಿನ ಸಾಲಿಗೆ, ವಯಸ್ಸಿಗೆ ಒಪ್ಪುವಂತಿರಲಿ ಎಂದು ಬುಡದಲ್ಲಿ ಚೂರೇ ಚೂರು ಹಳದಿ ಕೂಡಿಸಿದವಳು ಅವಳು. ಅವರಿಗೆ ಅದು ತಿಳಿಯದು. ನನ್ನ ಹಲ್ಲು ಎಷ್ಟು ನೈಜವಾಗಿದೆ ನೋಡಿ ಎಂದು ಕಂಡವರಿಗೆಲ್ಲ ತೋರಿಸುತ್ತಾರೆ. ಕೀಲಿಕೈಯನ್ನು ಕೂದಲೆಳೆಯಷ್ಟು ಹಿಂದಕ್ಕೆ ಎಳೆದು ತಿರುಗಿಸಿದಳು. ಕಟಕ್ಕೆಂದು ಬಿಚ್ಚಿಕೊಂಡಿತು. "ಇವತ್ತು ಸಿಕ್ಕೇ ಸಿಗುತ್ತೆ ಸಾರ್" ಎಂದಳು. ಅಂದ ಮೇಲೆ, ಹೋದ ವರ್ಷವೂ ಇದೇ ಬಾಗಿಲಲ್ಲಿ ನಿಂತು, ಇದೇ ದನಿಯಲ್ಲಿ, ಇದೇ ಮಾತು ಹೇಳಿದ್ದೆನಲ್ಲ ಎಂದು ನೆನಪಾಗಿ, ಬೀಗವನ್ನು ಜೇಬಿಗೆ ಹಾಕಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದಳು.

ಒಳಗೆ ಹೊಂಡ. ಮರಳ ದಿಬ್ಬದ ಹಿಂದೆ, ಸಮುದ್ರದ ಸದ್ದು ಕೇಳುವಷ್ಟು ಹತ್ತಿರ, ಅಲೆ ಕಾಣದಷ್ಟು ಮರೆ. ಬೇಲಿ ಹಾಕಿದ ಮೇಲೆ ಹೊಂಡ ಹೇಗೆ ಅರಳಿಕೊಂಡಿದೆ ಎಂದರೆ ಬಂದವರು ಬಾಗಿಲಲ್ಲೇ ನಿಂತು ಆಹಾ ಅನ್ನುತ್ತಾರೆ. ಆಳೆತ್ತರದ ಜೊಂಡು, ನೀರ ತುಂಬ ನೈದಿಲೆ, ಕನ್ನಡಿಯಂಥ ತಿಳಿ ನೀರಿನ ತಳದಲ್ಲಿ ಮೀನುಗಳು. ಮಕ್ಕಳು ಏರೋಪ್ಲೇನ್ ಚಿಟ್ಟೆ ಎಂದು ಬೆನ್ನಟ್ಟುವ ಕೀಟಗಳಂತೂ ಹೇಳತೀರದಷ್ಟು: ಕೆಂಡದಂಥವು, ಬೂದಿ ಮೆತ್ತಿಕೊಂಡಂಥವು, ಜೊಂಡಿನ ತುದಿಗೊಂದರಂತೆ ಕೂತು, ಒಂದರ ಜಾಗಕ್ಕೆ ಇನ್ನೊಂದು ನುಗ್ಗಿದರೆ ರೆಕ್ಕೆ ಚಟಪಟ ಬಡಿದು ಅಟ್ಟಿಕೊಂಡು ಹೋಗುವಂಥವು. ಅವಳು ಹುಡುಕುತ್ತಿದ್ದುದು ಅವನ್ನಲ್ಲ. ಅದೇ ಕುಲದಲ್ಲಿ ತೀರ ಸಣ್ಣದೊಂದು ಬಗೆಯಿದೆ. ಸೂಜಿಗಿಂತ ತುಸುವೇ ದಪ್ಪ, ಕೂತಾಗ ರೆಕ್ಕೆ ಹರಡಿಕೊಳ್ಳದೆ ಬೆನ್ನ ಮೇಲೆ ಮಡಿಸಿಟ್ಟುಕೊಳ್ಳುತ್ತದೆ. ಅವಳೂ ಪೋಸ್ಟ್ ಮಾಸ್ಟರೂ ಇರುವ ಹೊಂಡದ ಸಮಿತಿಯವರು ಅದನ್ನು ಸೂಜಿಚಿಟ್ಟೆ ಅನ್ನುತ್ತಾರೆ. ಅದೂ ಅಪರೂಪವೇನಲ್ಲ, ಕಪ್ಪು ಮೈ, ಬಾಲದ ತುದಿಯ ಹತ್ತಿರ ಒಂದು ನೀಲಿ ಉಂಗುರ, ಯಾವ ಹೊಂಡಕ್ಕೆ ಹೋದರೂ ಇರುತ್ತದೆ. ಆ ಎಲ್ಲವುಗಳಿಗೂ ನೀಲಿ ಇರುವುದು ತುದಿಯಿಂದ ಮೂರನೆಯ ಗಂಟಿನ ಮೇಲೆ. ಅವಳದಕ್ಕೆ ಎರಡನೆಯದರ ಮೇಲೆ. ವ್ಯತ್ಯಾಸ ಅಷ್ಟೇ. ಅಷ್ಟು ವ್ಯತ್ಯಾಸವನ್ನು ಈ ಕರಾವಳಿಯಲ್ಲಿ ಮೊದಲು ಕಂಡ ಕಣ್ಣು ಅವಳದು, ಕಂಡದ್ದು ಈ ಹೊಂಡದಲ್ಲಿ, ದನಗಳು ಇಳಿದು ಕೆಸರೆಬ್ಬಿಸಿ ಹೋದ ಒಂದು ಉರಿಬಿಸಿಲ ಮಧ್ಯಾಹ್ನ. ಮಣ್ಣಿನ ಮೇಲೆ ಬೋರಲಾಗಿ ಮಲಗಿ, ಕ್ಯಾಮೆರಾ ಕಣ್ಣಿಗೆ ಒತ್ತಿಕೊಂಡು, ಅಲ್ಲಾಡಬೇಡ, ಹಾಗೇ ಇರು, ಅಲ್ಲಾಡಬೇಡ ಎಂದು ಉಸಿರಿನಲ್ಲೇ ಬೇಡಿಕೊಂಡಿದ್ದಳು. ಅದು ಅಲ್ಲಾಡಲಿಲ್ಲ. ಆ ಫೋಟೋ ದೊಡ್ಡ ಊರಿನ ಪಂಡಿತರ ಮೇಜಿನವರೆಗೆ ಹೋಗಿ, ಹೌದು ಎನ್ನಿಸಿಕೊಂಡು ಬಂತು. ಈಗಲೂ ಅದು ಅವಳ ಕೆಲಸದ ಕೋಣೆಯ ಗೋಡೆಯಲ್ಲಿ, ಚೌಕಟ್ಟಿನೊಳಗೆ, ಬಿಳಿ ಹಲ್ಲುಗಳ ಸಾಲಿನ ಮೇಲೆ ಇದೆ.

ಪೋಸ್ಟ್ ಮಾಸ್ಟರು ದುರ್ಬೀನನ್ನು ಜೊಂಡಿಗೆ ಗುರಿಹಿಡಿದು, "ಅಲ್ಲೊಂದು ನೀಲಿ!" ಎಂದು ಕೂಗಿದರು.

"ಮೂರನೇ ಗಂಟು ಸಾರ್."

"ಎರಡನೇದು ಅಂತ ಕಂಡ್ತಪ್ಪ ನನಗೆ."

"ಎರಡು ಅಂತ ಬಯಸಿದ್ರಿ, ಅದಕ್ಕೆ ಎರಡು ಕಂಡಿದೆ."

ಅವರು ಗಟ್ಟಿಯಾಗಿ ನಕ್ಕರು. ಅವಳು ಅವರ ಹಲ್ಲು ನೋಡಿದಳು. ಚೆನ್ನಾಗಿಯೇ ಕೂತಿದೆ. ತಾನು ಕೂಡ ಬಯಸಿದ್ದನ್ನೇ ಕಾಣುತ್ತಿದ್ದೇನೆಯೇ ಎಂಬ ಪ್ರಶ್ನೆ ಬರಬೇಕಾಗಿತ್ತು, ಬರಲಿಲ್ಲ. ತನ್ನ ಕಣ್ಣಿನ ಮೇಲೆ ಅವಳಿಗೆ ಅಷ್ಟು ನೆಚ್ಚಿಗೆ. ಬಂದದ್ದು ಬೇರೆ. ಇದು ಇಲ್ಲಿ ಇರಲೇಬೇಕು, ಇಲ್ಲದೆ ಹೋಗುವುದಕ್ಕೆ ಕಾರಣವೇ ಇಲ್ಲ. ಕೆಸರು ಹೋಗಿದೆ, ಸಗಣಿ ಹೋಗಿದೆ, ತುಳಿಯುವ ಕಾಲು ಹೋಗಿದೆ. ಮನೆಯನ್ನು ಇಷ್ಟು ಗುಡಿಸಿ ಸಾರಿಸಿ ಇಟ್ಟ ಮೇಲೂ ಬಾರದ ನೆಂಟನ ಮೇಲೆ ಬರುವಂಥ ಸಿಟ್ಟು ಅವಳಿಗೆ ಬಂತು. ಬೇಲಿ ಹಾಕಿದ ವರ್ಷ ಒಂದೆರಡು ಕಂಡಿದ್ದವು. ಆಮೇಲಿನ ವರ್ಷ ಕಂಡ ಹಾಗಾಯಿತು. ಆಮೇಲೆ ಇಲ್ಲ. ಸಮಿತಿಗೆ ಅವಳು ಇಲ್ಲ ಅಂದಿಲ್ಲ. ಇರುತ್ತೆ, ಹುಡುಕಬೇಕು ಅಂದಿದ್ದಾಳೆ. ಹುಡುಕುವುದೂ ನಿಜ, ಇರುತ್ತದೆ ಎಂದು ನಂಬಿರುವುದೂ ನಿಜ, ಸುಳ್ಳೆಲ್ಲಿದೆ ಇದರಲ್ಲಿ? ಸೊಂಟದವರೆಗೆ ನೀರಲ್ಲಿ ಇಳಿದು ಜೊಂಡನ್ನು ಎರಡು ಕೈಯಿಂದ ಸರಿಸಿದಳು. ಒಳಗೆ ಕತ್ತಲು, ತಂಪು, ಕೊಳೆತ ಎಲೆಯ ವಾಸನೆ. ಒಂದು ದೊಡ್ಡ ಕೆಂಪು ಕೀಟ ಸಾಮಾನ್ಯ ಸೂಜಿಚಿಟ್ಟೆಯೊಂದನ್ನು ಹಿಡಿದು ತಲೆಯಿಂದ ಶುರುಮಾಡಿ ತಿನ್ನುತ್ತಿತ್ತು. ನೀಲಿ ಉಂಗುರ ಅದರ ದವಡೆಯ ಹೊರಗೆ ಇನ್ನೂ ಹೊಳೆಯುತ್ತಿತ್ತು. ಅವಳು ಗಂಟು ಎಣಿಸಿದಳು. ಮೂರನೆಯದು. ನಿರಾಳವಾಯಿತು. ನಿರಾಳವಾದದ್ದಕ್ಕೆ ನಾಚಿಕೆಯಾಯಿತು.

"ಬೋರ್ಡು ರೆಡಿ ಆಯ್ತಮ್ಮ" ಎಂದರು ಪೋಸ್ಟ್ ಮಾಸ್ಟರು ದಡದಿಂದ. "ಎಂಥಾ ಚಿತ್ರ ಬರೆದಿದಾನೆ ಅಂತೀಯ! ಈ ಬಾಗಿಲ ಪಕ್ಕ ನಿಲ್ಲಿಸೋದು. ಮುಂದಿನ ವಾರ ಇಲಾಖೆಯೋರು ಬಂದಾಗ ಪರದೆ ತೆಗೀತಾರೆ. ನೀನು ಒಂದೇ ಒಂದು ತೋರಿಸಿಬಿಡು, ಸಾಕು. ತೋರಿಸಿದ್ರೆ ಆಚೆ ಕಡೆ ಆ ಕೊಚ್ಚೆಗೂ ಬೇಲಿ ಮಂಜೂರು. ನಾನು ಮಾತಾಡಿಟ್ಟಿದೀನಿ."

"ಯಾವ ಕೊಚ್ಚೆ ಸಾರ್?"

"ಅದೇ ಅಮ್ಮ, ಬೇಲಿ ಹೊರಗೆ ನೀರು ಜಿನುಗಿ ನಿಲ್ಲುತ್ತಲ್ಲ, ನಿಮ್ಮಣ್ಣ ದನ ಬಿಡ್ತಾನಲ್ಲ, ಆ ತಗ್ಗು. ನೋಡೋಕೆ ಅಸಹ್ಯ. ಬಂದೋರು ಅದನ್ನ ದಾಟ್ಕೊಂಡೇ ಬರ್ಬೇಕು."

ಅಣ್ಣ ಎಂಬ ಶಬ್ದ ಬೇರೆಯವರ ಬಾಯಲ್ಲಿ ಬಂದಾಗಲೆಲ್ಲ ಅವಳಿಗೆ ಒಂದು ಕುರ್ಚಿಯ ಸದ್ದು ಕೇಳಿಸುತ್ತದೆ. ಬೇಲಿ ಹಾಕಿಸಬೇಕೆಂದು ಸಭೆ ಕರೆದ ದಿನ ಸಭಾಭವನ ತುಂಬಿತ್ತು. ಗೋಡೆಯ ಮೇಲೆ ಅವಳ ಸೂಜಿಚಿಟ್ಟೆ ಆಳೆತ್ತರಕ್ಕೆ ಹಿಗ್ಗಿ ನಿಂತಿತ್ತು. ಚಿಕ್ಕಂದಿನಿಂದ ವಾದ ಮಾಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಮನೆಯಲ್ಲಿ ಅವಳಿಗೆ ವಕೀಲಮ್ಮ ಎಂದು ಹೆಸರಿಟ್ಟವನೇ ಅಣ್ಣ. ಆವತ್ತು ವಕೀಲಮ್ಮನ ನಾಲಿಗೆಗೆ ಅಡ್ಡಿಯೇ ಇರಲಿಲ್ಲ. ಚಿಟ್ಟೆಯ ಚಿತ್ರ ತೆಗೆದು, ಗೊರಸು ಗೊರಸಾಗಿ ತುಳಿದುಹೋದ ಕೆಸರಿನ ಚಿತ್ರ ಹಾಕಿ, "ಲೋಕದಲ್ಲಿ ಅಪರೂಪದ ಒಂದು ಜೀವ, ಅದರ ತೊಟ್ಟಿಲು ಇದು. ಇದರ ಮೇಲೆ ದಿನಾ ಯಾರದೋ ದನ ನಡೆದುಹೋಗ್ತವೆ. ಇದು ಕೊಲೆ ಅಲ್ದೆ ಇನ್ನೇನು?" ಅಂದಳು. ಯಾರದೋ ಅಂದಳು. ಈ ಊರಿನಲ್ಲಿ ಕಡಲ ಕಡೆ ದನ ಬಿಡುವುದು ಒಂದೇ ಮನೆ. ತಲೆಗಳು ಒಂದೊಂದಾಗಿ ಹಿಂದಕ್ಕೆ ತಿರುಗಿದವು. ಕೊನೆಯ ಸಾಲಿನಲ್ಲಿ, ಕೊಟ್ಟಿಗೆಯಿಂದ ಸೀದಾ ಬಂದವನು, ಬೂಟಿನ ಸಗಣಿ ನೆಲಕ್ಕೆ ತಾಕದಿರಲಿ ಎಂದು ಕಾಲನ್ನು ಕುರ್ಚಿಯ ಕೆಳಗೆ ಮಡಿಸಿಕೊಂಡು ಕೂತಿದ್ದ. ತಂಗಿ ಮಾತಾಡುತ್ತಾಳೆ, ಕೇಳೋಣ ಎಂದು ಬಂದಿದ್ದ. ಎದ್ದ. ಕುರ್ಚಿ ಕರ್ರ್ ಎಂದಿತು. ಅವನು ಬಾಗಿಲು ದಾಟುವ ಮೊದಲೇ ಚಪ್ಪಾಳೆ ಶುರುವಾಯಿತು. ಆ ಚಪ್ಪಾಳೆ ಅವಳಿಗೆ ಹಿತವಾಗಿತ್ತು ಎನ್ನುವುದೇ ಅವಳು ಯಾರಿಗೂ, ಅತ್ತಿಗೆಗೂ, ಹೇಳಲಾರದ ಸಂಗತಿ. ಅಂದಿನಿಂದ ಅವನು ಬೇಲಿಯನ್ನು ಮುಟ್ಟಿಲ್ಲ, ಬಯ್ದಿಲ್ಲ. ದನಗಳನ್ನು ದಿಬ್ಬ ಬಳಸಿ ಸುತ್ತುದಾರಿಯಲ್ಲಿ ಒಯ್ದು ಹೊರಗಿನ ತಗ್ಗಿನಲ್ಲಿ ನೀರು ಕುಡಿಸುತ್ತಾನೆ. ಅವಳ ಜೊತೆ ಮಾತಿಲ್ಲ. ದನ ಒದ್ದು ಮುಂಗಡೆಯ ಹಲ್ಲೊಂದು ಮುರಿದಾಗಲೂ ಅವಳ ಹತ್ತಿರ ಬರಲಿಲ್ಲ. ಬಸ್ಸು ಹತ್ತಿ ಬೇರೆ ಊರಿಗೆ ಹೋಗಿ, ಯಾರಿಂದಲೋ, ಮೀನಂಗಡಿಯ ಗೋಡೆಯ ಟೈಲಿನಷ್ಟು ಬೆಳ್ಳಗಿನ ಒಂದು ಹಲ್ಲು ಹಾಕಿಸಿಕೊಂಡು ಬಂದ. ಬೀದಿಯಲ್ಲಿ ಎದುರಾದಾಗ ಅವನು ಬೇರೆ ಯಾರ ಜೊತೆಗೋ ಬಾಯಿ ತೆರೆದು ನಗುತ್ತಾನೆ. ಆ ಹಲ್ಲು ಅವಳನ್ನು ನೋಡುತ್ತದೆ. ಇದಕ್ಕಿಂತ ಅವನು ಎರಡು ಕೆಟ್ಟ ಮಾತು ಅಂದಿದ್ದರೆ ಆಗುತ್ತಿತ್ತು.

ನೀರಿನಿಂದ ಹತ್ತಿ ಬಂದಾಗ ಪೋಸ್ಟ್ ಮಾಸ್ಟರು ಬುತ್ತಿ ಬಿಚ್ಚಿ ನೆರಳಲ್ಲಿ ಕೂತಿದ್ದರು. ಬೆಳಗಿನಿಂದ ತಣ್ಣೀರಲ್ಲಿ ನಿಂತದ್ದಕ್ಕೆ ಅವಳಿಗೆ ಬೇರೆಯದೇ ಅವಸರವಾಗಿತ್ತು. ಬೇಲಿಯೊಳಗೆ ಮರೆ ಬೇಕಾದಷ್ಟಿತ್ತು, ಆದರೆ ಇವರು ದುರ್ಬೀನು ಹಿಡಿದುಕೊಂಡು ಕೂತಿದ್ದಾರೆ. "ಬಂದೆ ಸಾರ್, ಆ ಕಡೆ ಒಂಚೂರು ನೋಡ್ಕೊಂಡು" ಎಂದು ಗೊಣಗಿ ಬಾಗಿಲು ದಾಟಿ ದಿಬ್ಬದ ಹಿಂದಕ್ಕೆ ನಡೆದಳು. ಈ ವಯಸ್ಸಿನಲ್ಲಿ, ಸಮಿತಿಯ ಬಿಲ್ಲೆ ಎದೆಗೆ ಸಿಕ್ಕಿಸಿಕೊಂಡು, ಒದ್ದೆ ಪ್ಯಾಂಟನ್ನು ಮೊಣಕಾಲಿಂದ ಬಿಡಿಸಲಾರದೆ ಒದ್ದಾಡುತ್ತ, ಕೊನೆಗೂ ಕುಕ್ಕರಗಾಲಲ್ಲಿ ಕೂತಾಗ, ಎದುರಿಗೆ ಆ ತಗ್ಗು ಇತ್ತು. ಅಣ್ಣನ ತಗ್ಗು. ಮುಖ ತಿರುಗಿಸಿ ಕೂರೋಣವೆಂದರೆ ಹೊತ್ತು ಮೀರಿತ್ತು. ಹಾಗೆ ಕೂತವರ ಕಣ್ಣು ಎಲ್ಲಿರುತ್ತದೋ ಅಲ್ಲಿ, ನೆಲದಿಂದ ಸ್ವಲ್ಪವೇ ಮೇಲೆ, ಅವಳ ಕಣ್ಣಿತ್ತು. ತಗ್ಗಿನ ತುಂಬ ಗೊರಸಿನ ಗುರುತು. ಒಂದೊಂದರಲ್ಲೂ ಬೊಗಸೆ ನೀರು, ಬಿಸಿಲಿಗೆ ಬೆಚ್ಚಗಾಗಿ ಸಣ್ಣಗೆ ಮಿರುಗುವ ನೀರು. ಒಂದು ಗೊರಸಿನ ಅಂಚಿನಲ್ಲಿ ದನ ಕಚ್ಚಿ ಬಿಟ್ಟ ಹುಲ್ಲಿನ ಎಸಳು. ಎಸಳಿನ ಮೇಲೆ ಕಪ್ಪು ದಾರದ ತುಂಡಿನಂಥದ್ದು. ದಾರದ ತುದಿಗೆ ನೀಲಿ. ಎರಡನೆಯ ಗಂಟು.

ಅವಳು ಉಸಿರಾಡಲಿಲ್ಲ. ಪ್ಯಾಂಟು ಮೊಣಕಾಲಲ್ಲೇ ಇತ್ತು. ಅಲ್ಲಾಡಬೇಡ, ಹಾಗೇ ಇರು. ಅದು ಇತ್ತು. ಅದರ ಆಚೆ ಇನ್ನೊಂದು, ಅದಕ್ಕೂ ಎರಡನೆಯದು. ಕಿತ್ತಳೆ ಮೈಯ ಎಳೆಯ ಹೆಣ್ಣೊಂದು ಹುಲ್ಲಿನಿಂದ ಹುಲ್ಲಿಗೆ, ನಡೆಯಲು ಕಲಿಯುವ ಮಗುವಿನ ಹಾಗೆ ತಡವರಿಸಿ ಹಾರಿತು. ಇನ್ನೊಂದು ಗೊರಸಿನಲ್ಲಿ ಜೋಡಿ. ಎಲ್ಲ ನೆಲಕ್ಕೆ ಅಂಟಿಕೊಂಡಂತೆ, ನಿಂತ ಮನುಷ್ಯನ ಕಣ್ಣಿಗೆ ಸಿಗದಷ್ಟು ಕೆಳಗೆ. ಇಷ್ಟು ವರ್ಷ ನಿಂತುಕೊಂಡು ಹುಡುಕಿದೆ ಎಂದುಕೊಂಡು ಸದ್ದಿಲ್ಲದೆ ನಕ್ಕಳು. ನಗುವಿನ ಬೆನ್ನಿಗೇ ಫೋಟೋ ನೆನಪಾಯಿತು. ಗೋಡೆಯ ಮೇಲಿನದಲ್ಲ, ಕತ್ತರಿಸುವ ಮೊದಲಿನದು. ಮೂಲ ಚಿತ್ರದ ಬಲಮೂಲೆಯಲ್ಲಿ ಕಂದು ಬಣ್ಣದ ಒಂದು ದುಂಡನೆಯ ಅಂಚು ಬಂದಿತ್ತು, ಬಟ್ಟಲಿನ ಕಂಠದ ಹಾಗೆ. ನೋಡಲು ಚೆನ್ನಾಗಿಲ್ಲ, ಕೊಳಕು ಎಂದು ಅವಳೇ ಅದನ್ನು ಕತ್ತರಿಸಿ ತೆಗೆಸಿದ್ದಳು. ಗೊರಸಿನ ಅಂಚು. ಹುಲ್ಲು ಮೇಯುವ ಬಾಯಿ ಇದ್ದದ್ದಕ್ಕೆ ಜೊಂಡು ಏಳಲಿಲ್ಲ, ಜೊಂಡು ಏಳದ್ದಕ್ಕೆ ಬಿಸಿಲು ಬಿತ್ತು, ತುಳಿಯುವ ಕಾಲು ಇದ್ದದ್ದಕ್ಕೆ ಬೊಗಸೆ ಬೊಗಸೆ ನೀರು ನಿಂತಿತು, ಆ ನೀರಿನಲ್ಲಿ ಮೀನು ಬದುಕುವ ಹಾಗಿಲ್ಲ, ದೊಡ್ಡ ಕೆಂಪುಗಳು ಇತ್ತ ಸುಳಿಯುವುದಿಲ್ಲ. ತೊಟ್ಟಿಲು ಅಂದಿದ್ದಳು ಸಭೆಯಲ್ಲಿ. ತೊಟ್ಟಿಲನ್ನು ದಿನಾ ತೂಗುತ್ತಿದ್ದ ಕಾಲನ್ನೇ ಕೊಲೆಗಾರ ಅಂದಿದ್ದಳು. ಚಿಕ್ಕವಳಿದ್ದಾಗ ಅಣ್ಣ ದನಗಳ ಹಿಂದೆ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಹೊಂಡಕ್ಕೆ ಬರುತ್ತಿದ್ದ. ಗೊರಸಿನ ಗುಣಿಯಲ್ಲಿ ಎಲೆ ತೇಲಿಬಿಟ್ಟು, ಇದು ನಿನ್ನ ಸಮುದ್ರ, ಅದು ನನ್ನದು ಎಂದು ಹಂಚಿಕೊಡುತ್ತಿದ್ದ. ನಿನ್ನದು ದೊಡ್ಡದು, ನನಗೂ ಅದೇ ಬೇಕು ಎಂದು ಅವಳು ವಾದ ಹೂಡುತ್ತಿದ್ದಳು. ಅವನು ಬಿಟ್ಟುಕೊಡುತ್ತಿದ್ದ. ಅವನು ಯಾವಾಗಲೂ ಬಿಟ್ಟುಕೊಡುತ್ತಿದ್ದ.

"ಎಲ್ಲಿದೀಯಮ್ಮ? ಏನಾದ್ರೂ ಸಿಕ್ತಾ?" ಎಂದು ದಿಬ್ಬದ ಆಚೆಯಿಂದ ಪೋಸ್ಟ್ ಮಾಸ್ಟರ ದನಿ.

"ಬರ್ಬೇಡಿ ಸಾರ್!" ಎಂದು ಕಿರುಚಿ, ಪ್ಯಾಂಟು ಏರಿಸಿಕೊಂಡು, ಗುಂಡಿಯನ್ನು ತಪ್ಪು ಕಾಜಕ್ಕೆ ಸಿಕ್ಕಿಸಿ, ಎದ್ದು ನಿಂತಳು. ಆಮೇಲೆ, "ಈಗ ಬನ್ನಿ. ಬಗ್ಗಿ ನೋಡಿ" ಅಂದಳು.

ಅವರಿಗೆ ಬಗ್ಗಲು ಹೊತ್ತು ಹಿಡಿಯಿತು. ನೋಡಲು ಇನ್ನೂ ಹೊತ್ತು ಹಿಡಿಯಿತು. ಕಂಡ ಮೇಲೆ ಮಂಡಿಯ ನೋವು ಮರೆತು ಅವಳ ಕೈ ಹಿಡಿದು ಕುಲುಕಿದರು. ಅವರ ಸಂತೋಷ ನಿಜವಾದದ್ದು. ಆ ಸಂತೋಷಕ್ಕೆ ಬೆಪ್ಪಾಗಿ ಅವಳೂ ನಕ್ಕಳು. "ನೋಡು, ನೋಡು, ನಾನು ಹೇಳ್ಲಿಲ್ವಾ! ಇಲ್ಲಿಗೂ ಬೇಲಿ! ಇವತ್ತೇ ಫೋನ್ ಮಾಡ್ತೀನಿ. ನಾಳೆಯಿಂದ ಒಂದು ದನ ಕಾಲಿಡಬಾರದು ಇಲ್ಲಿ."

ಆ ಮಾತು ಕೇಳಿದಾಗ ಅವಳಿಗೆ ತನ್ನದೇ ದನಿ ಕೇಳಿಸಿತು. ಒಳ್ಳೆಯ ದನಿ, ಗಟ್ಟಿ ದನಿ, ಸಂದೇಹವೇ ಇಲ್ಲದ ದನಿ. ಇದ್ದ ಕಡೆ ಬೇಲಿ ಹಾಕು, ಅದು ಇನ್ನೆಲ್ಲಿಗೋ ಹೋಗುತ್ತದೆ, ಅಲ್ಲಿಗೂ ಬೇಲಿ. ಹಾಗೇ ಹಾಕುತ್ತ ಹಾಕುತ್ತ ಸಮುದ್ರದವರೆಗೆ ಹೋಗಿ, ಕೊನೆಯದೊಂದನ್ನು ಚೆನ್ನಾಗಿ ಕಾಪಾಡಿ ಕೊಂದುಬಿಡಬಹುದು.

"ಬೇಲಿ ಬೇಡ ಸಾರ್. ದನ ಬೇಕು."

"ಎಂಥದು?"

"ಒಳಗಡೆ ಹೊಂಡಕ್ಕೆ ದನ ಇಳಿಸ್ಬೇಕು. ಜೊಂಡೆಲ್ಲ ತುಳಿದು ಹಾಳಾಗ್ಬೇಕು."

"ಬಿಸಿಲು ಹೆಚ್ಚಾಯ್ತೇನಮ್ಮ?" ಎಂದರು ಅವರು, ಕರುಣೆಯಿಂದ. "ಬಾ, ನೆರಳಲ್ಲಿ ಕೂತ್ಕೋ. ನೈದಿಲೆ ನೋಡಿದೀಯ ಹೇಗಿದೆ? ಆ ನೈದಿಲೆ ನೋಡಿ ತಾನೇ ಇಲಾಖೆಯೋರು ಒಪ್ಪಿದ್ದು?"

ಅವಳು ವಾದಿಸಲಿಲ್ಲ. ಜೀವನದಲ್ಲಿ ಮೊದಲ ಸಲ, ಗೆಲ್ಲುವುದು ಖಾತ್ರಿಯಿದ್ದ ಒಂದು ವಾದವನ್ನು ಅಲ್ಲೇ ಬಿಟ್ಟು, ದಿಬ್ಬ ಇಳಿದು, ಅಣ್ಣನ ಮನೆಯ ದಾರಿ ಹಿಡಿದಳು. ಬೂಟಿನೊಳಗೆ ನೀರು ಚಳಕ್ ಚಳಕ್ ಎನ್ನುತ್ತಿತ್ತು. ಏನು ಹೇಳಬೇಕೆಂದು ಹಾದಿಯುದ್ದಕ್ಕೂ ಜೋಡಿಸಿಕೊಂಡಳು. ಮೇಯುವುದು, ಬಿಸಿಲು, ಬೆಚ್ಚನೆಯ ನೀರು, ಒಂದಕ್ಕೊಂದು ಕೊಂಡಿ ಹಾಕಿ ಎಲ್ಲಿಯೂ ಸಡಿಲವಿಲ್ಲದ ಹಾಗೆ. ಕೊಟ್ಟಿಗೆಯ ಬಾಗಿಲಿಗೆ ಬರುವ ಹೊತ್ತಿಗೆ ಅದು ಸಭಾಭವನದ ಭಾಷಣದಷ್ಟೇ ಚೆನ್ನಾಗಿ ಕೂಡಿಕೊಂಡಿತ್ತು. ಅದಕ್ಕೇ ಅದನ್ನು ಹೇಳಬಾರದು ಅನ್ನಿಸಿತು.

ಅತ್ತಿಗೆ ಅಂಗಳದಲ್ಲಿ ಬಟ್ಟೆ ಹರವುತ್ತಿದ್ದಳು. ನಾದಿನಿಯನ್ನು ಮೇಲಿಂದ ಕೆಳಗೆ ನೋಡಿ, "ಏನೇ ಇದು, ಹೊಂಡದಲ್ಲಿ ಬಿದ್ಯಾ? ಯಾರಾದ್ರೂ ತಳ್ಳಿದ್ರಾ?" ಎಂದಳು. "ತಳ್ಳೋದಾದ್ರೆ ಸರದೀಲಿ ನಾನೇ ಮೊದಲು ನಿಂತಿದ್ದೆ. ಗುಂಡಿ ಸರಿಯಾಗಿ ಹಾಕ್ಕೊ. ಒಳಗಿದಾರೆ ಹೋಗು."

ಅಣ್ಣ ಕೆಂಪಿಯ ಮೈ ಉಜ್ಜುತ್ತಿದ್ದ. ಕೆಂಪಿ ಮಂದೆಯಲ್ಲೇ ಹಿರಿಯಳು, ಅವನ ಹಲ್ಲು ಮುರಿದವಳು. ತಂಗಿಯ ನೆರಳು ಹೊಸ್ತಿಲಲ್ಲಿ ಬಿದ್ದದ್ದು ಕಂಡರೂ ಅವನ ಕೈ ನಿಲ್ಲಲಿಲ್ಲ. ದನದ ಕಿವಿಗೆ ಹೇಳಿದ: "ಕೆಂಪಿ, ದೊಡ್ಡೋರು ಬಂದಿದಾರೆ ನೋಡು. ಕಾಲು ಒರೆಸ್ಕೊ. ಆಮೇಲೆ ಸಗಣಿ ಅಂತಾರೆ."

"ಅಣ್ಣ, ದನ ಬೇಕು."

"ಕೇಳಿದ್ಯಾ ಕೆಂಪಿ? ನೀನು ಬೇಕಂತೆ. ಯಾತಕ್ಕಂತೆ, ಕೇಳು."

ಅವಳಿಗೆ ಕಣ್ಣು ಉರಿಯಿತು. ಆದರೆ ದನದ ಮೂಲಕವಾದರೂ ಸೈ, ಮಾತು ಮಾತೇ. "ಹೊಂಡಕ್ಕೆ ಇಳೀಬೇಕು ಕೆಂಪಿ. ಒಳಗೆ ಜೊಂಡು ಬೆಳೆದು ನನ್ನ ಹುಳ ಹೋಗ್ಬಿಟ್ಟಿದೆ. ನೀನು ತುಳಿಯೋ ಕಡೆ ಬಂದು ಸೇರ್ಕೊಂಡಿದೆ, ನಿನ್ನ ಗೊರಸಿನ ನೀರಲ್ಲಿ. ಇವತ್ತು ನೋಡ್ದೆ."

ಉಜ್ಜುವ ಕೈ ನಿಧಾನವಾಯಿತು. "ಯಾವ ಹುಳ? ಆ ಕಚ್ಚೋದಾ?"

"ಕಚ್ಚಲ್ಲ ಅಣ್ಣ ಅದು."

"ನನಗೇನು ಗೊತ್ತು. ನನಗೆ ಎಲ್ಲ ಹುಳ ಒಂದೇ." ಅವನು ಬ್ರಷ್ಷನ್ನು ಬಕೆಟ್ಟಿಗೆ ಹಾಕಿದ. "ಕೊಲೆ ಅಂದ್ರಲ್ಲ ಕೆಂಪಿ ಆವತ್ತು, ಮೈಕ್ ಹಿಡ್ಕೊಂಡು?"

"ಅಂದೆ."

"ಚಪ್ಪಾಳೆ ಬಿತ್ತಲ್ಲ?"

"ಬಿತ್ತು. ನನಗೆ ಹಿತವಾಗಿತ್ತು." ಆ ಮಾತು ಆಡಿಯೇಬಿಟ್ಟಿದ್ದು ಅವಳಿಗೇ ಆಶ್ಚರ್ಯವಾಯಿತು. "ತಪ್ಪಾಯ್ತು ಅಂತ ಹೇಳೋಕೆ ಬಂದಿಲ್ಲ ನಾನು. ಅದು ತಪ್ಪು ಅಂತ ನಿಂಗೆ ಆವತ್ತೇ ಗೊತ್ತಿತ್ತು. ದನ ಕೇಳೋಕೆ ಬಂದೆ."

ಅಣ್ಣ ಆಗ ತಿರುಗಿದ. ನಗಲಿಲ್ಲ; ಆದರೂ ತುಟಿ ಸರಿದು ಆ ಹಲ್ಲು ಕಂಡಿತು. "ಮಂದಿ ಮುಂದೆ ಆಡಿದ್ದನ್ನ ಕೊಟ್ಟಿಗೇಲಿ ವಾಪಸ್ ತಗೊಂಡ್ರೆ ಹೇಗೆ?" ಎಂದು, ಈ ಸಲ ದನಕ್ಕಲ್ಲದೆ ಗೋಡೆಗೆ ಹೇಳಿದ. ಮೂಲೆಯಿಂದ ಕೋಲು ತಂದು ಅವಳ ಕೈಗೆ ತುರುಕಿದ. "ನೀನೇ ಹೊಡ್ಕೊಂಡು ಹೋಗು. ಸುತ್ತುದಾರೀಲಿ ಅಲ್ಲ. ಅಂಗಡಿ ಬೀದೀಲಿ."

ರಜೆಯ ದಿನದ ಬೀದಿ ತುಂಬಿತ್ತು. ಹಲ್ಲು ಮಾಡುವವಳು, ಹೊಂಡದ ಸಮಿತಿಯವಳು, ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ದನ ಹೊಡೆದುಕೊಂಡು ಹೋಗುತ್ತಿದ್ದಾಳೆ ಎಂದು ಜನ ಅಂಗಡಿಗಳಿಂದ ಹೊರಗೆ ಬಂದು ನಿಂತರು. ಅವಳು ಬಟ್ಟೆಯಂಗಡಿಯವನ ಕೋರೆಹಲ್ಲನ್ನು, ಕ್ಷೌರಿಕನ ಕೆಳಗಿನ ಸಾಲನ್ನು, ಔಷಧಿ ಅಂಗಡಿಯ ಹೆಂಗಸಿನ ಎರಡು ಮುಂಗಡೆ ಹಲ್ಲನ್ನು ದಾಟಿ ನಡೆದಳು. ಎಲ್ಲರೂ ನಗುತ್ತಿದ್ದರಿಂದ ತನ್ನ ಕೆಲಸವೆಲ್ಲ ಅವಳಿಗೆ ಒಟ್ಟಿಗೇ ಕಂಡಿತು. "ಎಲ್ಲಿಗಮ್ಮ ಮೆರವಣಿಗೆ?" ಎಂದು ಕ್ಷೌರಿಕ ಕೇಳಿದ. "ಹೊಂಡಕ್ಕೆ" ಎಂದಳು, ಮೈಕಿಲ್ಲದಿದ್ದರೂ ಬೀದಿಯ ಕೊನೆಗೆ ಕೇಳುವ ಹಾಗೆ. "ಬೇಲಿ ಹಾಕಿಸಿದ್ದು ತಪ್ಪಾಯ್ತು. ತೆಗೀತಿದೀನಿ." ಕಿವಿ ಬಿಸಿಯಾಗಿತ್ತು, ನಡಿಗೆ ಮಾತ್ರ ನೆಟ್ಟಗಿತ್ತು. ಹಿಂದೆ, ಸಾಕಷ್ಟು ದೂರದಲ್ಲಿ, ಸಂಬಂಧವೇ ಇಲ್ಲದವನ ಹಾಗೆ ಅಣ್ಣ ಬರುತ್ತಿದ್ದಾನೆಂದು ದನಗಳು ಕಿವಿ ಹಿಂದಕ್ಕೆ ಹೊರಳಿಸುತ್ತಿದ್ದುದರಿಂದ ತಿಳಿಯಿತು.

ಪೋಸ್ಟ್ ಮಾಸ್ಟರು ಬಾಗಿಲಲ್ಲೇ ಇದ್ದರು. ತೆರೆದಿಟ್ಟುಹೋದ ಬಾಗಿಲನ್ನು ಕಾಯುತ್ತ ಪಾಪ ಅಲ್ಲೇ ನಿಂತಿದ್ದರು, ಬೀಗ ಅವಳ ಜೇಬಿನಲ್ಲಿತ್ತಲ್ಲ. ಕೈಗಳೆರಡನ್ನೂ ಅಗಲಿಸಿದರು. "ಏನಮ್ಮ ಇದು! ಸಮಿತಿ ಕೇಳುತ್ತೆ! ನಾಳೆ ನನ್ನ ಕೇಳ್ತಾರೆ!"

"ಕೇಳ್ಲಿ ಸಾರ್. ಅದೇ ಸಭಾಭವನದಲ್ಲಿ ಕರೀರಿ, ಬಂದು ಹೇಳ್ತೀನಿ. ಮುಂದಿನ ಸಾಲಲ್ಲಿ ಒಂದು ಕುರ್ಚಿ ಖಾಲಿ ಇಡಿ. ಬೋರ್ಡ್ ಇರ್ಲಿ, ದನದ ಚಿತ್ರಾನೂ ಒಂದು ಸೇರಿಸಿ." ಆಮೇಲೆ, ಅವರ ಮುಖ ನೋಡಿ, ದನಿ ಇಳಿಸಿದಳು: "ಸರಿದುಕೊಳ್ಳಿ ಸಾರ್. ಕೆಂಪಿ ಒದೀತಾಳೆ. ಹಲ್ಲು ಹೊಸದು."

ಅವರು ಬಾಯಿ ಮುಚ್ಚಿಕೊಂಡು ಸರಿದರು.

ಕೆಂಪಿ ಬಾಗಿಲಲ್ಲಿ ಒಂದು ಕ್ಷಣ ನಿಂತು ಮೂಸಿದಳು. ನೆನಪಾಗಿರಬೇಕು. ಆಮೇಲೆ ಎದೆಯಿಂದ ಜೊಂಡು ಮುರಿದುಕೊಂಡು ಇಳಿದಳು, ಅವಳ ಹಿಂದೆ ಉಳಿದ ದನಗಳೂ ಇಳಿದವು. ತಿಳಿನೀರು ಗಳಿಗೆಯಲ್ಲಿ ಕಲಗಚ್ಚಾಯಿತು. ಅವಳು ವರ್ಷವರ್ಷವೂ ಬಂದವರಿಗೆ ತೋರಿಸಿದ ನೈದಿಲೆ ಚರಚರನೆ ಕಿತ್ತು ದನಗಳ ಬಾಯಿ ಸೇರಿತು. ಕೆಂಪು ಕೀಟಗಳು ಕೂರುವ ಜಾಗ ಕಾಣದೆ ಮೇಲೆದ್ದು ಸುತ್ತಿದವು. ಅವಳು ಅತ್ತಲಿಂದ ಕಣ್ಣು ತೆಗೆಯಲಿಲ್ಲ. ಕೆಟ್ಟ ಅಚ್ಚನ್ನು ಒಡೆದು ಪುಡಿ ಮಾಡುವಾಗಲೂ ಅವಳು ಹೀಗೆಯೇ ಪೂರಾ ನೋಡುತ್ತಾಳೆ. ಅವಳ ಸೂಜಿಚಿಟ್ಟೆ ಈ ವರ್ಷ ಬಾರದು. ಬರುವ ವರ್ಷ ಬರುತ್ತದೆ. ಬೇಲಿ ದಾಟಿದರೆ ಇದೆಯಲ್ಲ, ಎಷ್ಟು ದೂರ? ಕೆಂಪಿ ದಡಕ್ಕೆ ಬಂದು ಕಾಲೆತ್ತಿದಾಗ ಮೆತ್ತನೆಯ ಮಣ್ಣಿನಲ್ಲಿ ಗೊರಸಿನ ಗುಣಿ ಉಳಿಯಿತು. ಬದಿಗಳಿಂದ ನೀರು ಜಿನುಗಿ ಅದು ನಿಧಾನಕ್ಕೆ ತುಂಬತೊಡಗಿತು. ಅವಳು ಕುಕ್ಕರಿಸಿ ಕೂತು ನೋಡಿದಳು.

"ಏನ್ ಕಾಣುತ್ತೆ ವಕೀಲಮ್ಮ?"

ತಲೆಯೆತ್ತಿದಳು. ಅಣ್ಣ ಹತ್ತಿರವೇ ನಿಂತಿದ್ದ. ಕೆಂಪಿ ಆಗಲೇ ಬೇಲಿಯ ಕಡೆ ಹೋಗಿದ್ದಳು, ಗೋಡೆ ಇರಲಿಲ್ಲ, ಕೇಳಿದ್ದು ಅವಳನ್ನೇ.

"ಈಗ ಏನೂ ಇಲ್ಲ. ಬಗ್ಗು, ನೋಡು."

ಅವನೂ ಕೂತು ಬಗ್ಗಿದ. ಕುತೂಹಲಕ್ಕೆ ಬಾಯಿ ಅರ್ಧ ತೆರೆದಿತ್ತು. ಅವಳಿಗೆ ಗುಣಿಯ ನೀರು ಮರೆತೇಹೋಯಿತು. ಕೆಸರಿನ ಕೈಯಲ್ಲೇ ಅವನ ಗಲ್ಲ ಹಿಡಿದು ಮುಖವನ್ನು ಬಿಸಿಲಿಗೆ, ಎಡಗಡೆಯಿಂದ ಬೆಳಕು ಬೀಳುವಂತೆ, ತಿರುಗಿಸಿದಳು.

"ಎಂಥದೇ ಇದು, ಬಿಡು."

"ಬಾಯಿ ತೆಗಿ. ಈ ಹಲ್ಲು ಮಾಡಿದೋನಿಗೆ ಕಣ್ಣಿತ್ತಾ? ಪಕ್ಕದ್ದು ನೋಡಿ ಮಾಡಬಾರದಾ?"

ಪಕ್ಕದ ಹಲ್ಲು ಟೀಗೆ, ತಂಬಾಕಿಗೆ, ವಯಸ್ಸಿಗೆ ಬಣ್ಣಗಟ್ಟಿತ್ತು. ಬಣ್ಣ ಹೋಲಿಸುವ ಮಾದರಿ ಹಲ್ಲುಗಳ ಪಟ್ಟಿ ಹಿಡಿದು ನೋಡುವ ಅಗತ್ಯವೇ ಇರಲಿಲ್ಲ. ಬುಡದಲ್ಲಿ ಹಳದಿ, ತುದಿಯಲ್ಲಿ ಬೂದಿಯ ಛಾಯೆ. ಅಮ್ಮನ ಹಲ್ಲು ಹೀಗೇ ಇತ್ತು, ಕನ್ನಡಿಯಲ್ಲಿ ತನ್ನದೂ ಹೀಗೇ ಇದೆ.

"ಆಯ್ತಾ? ಕೆಂಪಿ ಬೇಲಿ ತಿಂತಿದಾಳೆ ಅಲ್ಲಿ" ಎಂದ ಅಣ್ಣ, ಬಾಯಿ ತೆರೆದುಕೊಂಡೇ.

"ತಿನ್ಲಿ ಬಿಡು" ಎಂದಳು ಅವಳು. "ಹಾಗೇ ಇರು. ಅಲ್ಲಾಡಬೇಡ."